ಅಮೆರಿಕದಲ್ಲಿ ಪೊಡಿಯಾಟ್ರಿ ಲೈಸೆನ್ಸ್: ಯಾವ ಪರೀಕ್ಷೆ, ಯಾವಾಗ, ಯಾರ ನಿಯಮ

ಪೊಡಿಯಾಟ್ರಿ (ಪಾದದ ವೈದ್ಯಕೀಯ) ಬಗ್ಗೆ ನನಗೆ ಬರುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ ಥರ ಇರುತ್ತವೆ. "ಬೆಂಗಳೂರಿನಲ್ಲಿ ಎಂಬಿಬಿಎಸ್ ಮುಗಿಸಿದ್ದೇನೆ, ಅಮೆರಿಕದ ಪೊಡಿಯಾಟ್ರಿ ಪರೀಕ್ಷೆ ಬರೆಯಬಹುದಾ?" "ಬಿಪಿಟಿ (ಫಿಸಿಯೋಥೆರಪಿ ಡಿಗ್ರಿ) ಆಗಿದೆ, ಪಾರ್ಟ್ 1ಕ್ಕೆ ಎಲ್ಲಿ ಅರ್ಜಿ ಹಾಕಬೇಕು?" "ಮಗಳು ಎರಡನೇ ವರ್ಷದಲ್ಲಿದ್ದಾಳೆ, ಮೂರೂ ಪಾರ್ಟ್ ಪಾಸಾದರೆ ಲೈಸೆನ್ಸ್ ಬಂದ ಹಾಗೆ ಅಲ್ವಾ?" ಎಲ್ಲದಕ್ಕೂ ಒಂದೇ ಕಡೆ ಉತ್ತರ ಬರೆದಿಡೋಣ ಅಂತ ಈ ಲೇಖನ.

ಮೊದಲು ಒಂದು ವಿಷಯ ಸ್ಪಷ್ಟವಾಗಲಿ. ಪರೀಕ್ಷೆ ನಡೆಸುವವರು ಬೇರೆ, ಲೈಸೆನ್ಸ್ ಕೊಡುವವರು ಬೇರೆ. ಪರೀಕ್ಷೆ ನಡೆಸೋದು ಎನ್‌ಬಿಪಿಎಂಇ ಅನ್ನುವ ರಾಷ್ಟ್ರಮಟ್ಟದ ಮಂಡಳಿ. ಪರೀಕ್ಷೆಯ ಹೆಸರು ಎಪಿಎಂಎಲ್‌ಇ, ಅಂದರೆ ಅಮೆರಿಕನ್ ಪೊಡಿಯಾಟ್ರಿಕ್ ಮೆಡಿಕಲ್ ಲೈಸೆನ್ಸಿಂಗ್ ಎಕ್ಸಾಮಿನೇಷನ್. ಅದಕ್ಕೆ ಮೂರು ಪಾರ್ಟ್. ಲೈಸೆನ್ಸ್ ಕೊಡೋದು ಆಯಾ ರಾಜ್ಯ. ಇವರ ನಡುವೆ ಕಾಲೇಜಿದೆ, ರೆಸಿಡೆನ್ಸಿ ಕೊಡುವ ಆಸ್ಪತ್ರೆಯಿದೆ. ನಾಲ್ಕೂ ಕಡೆ ನಾಲ್ಕು ನಿಯಮ. ಓದಿನಲ್ಲಿ ಗಟ್ಟಿ ಇರುವ ಹುಡುಗರೂ ಸಿಕ್ಕಿಹಾಕಿಕೊಳ್ಳೋದು ಪರೀಕ್ಷೆಯ ಪ್ರಶ್ನೆಗಳಲ್ಲಿ ಅಲ್ಲ, ಈ ನಾಲ್ಕರ ಸಂದಿಯಲ್ಲಿ. ಅದಕ್ಕೇ ಕೆಳಗಿನ ಹಂತಗಳನ್ನು ಕ್ರಮವಾಗಿಯೇ ಓದಿ.

1. ನಿಮಗೆ ಪರೀಕ್ಷೆಗೆ ಕೂರುವ ಅರ್ಹತೆ ಇದೆಯಾ, ಮೊದಲು ಅದನ್ನು ನೋಡಿ

ಪೊಡಿಯಾಟ್ರಿಸ್ಟ್ ಅಂದರೆ ಪಾದ ಮತ್ತು ಕಾಲಿನ ಹರಡಿನ (ಪಾದ ಕಾಲಿಗೆ ಸೇರುವ ಕೀಲು) ಡಾಕ್ಟರ್. ಔಷಧ ಬರೆಯುತ್ತಾರೆ, ಎಕ್ಸ್‌ರೇ ಓದುತ್ತಾರೆ, ಆಪರೇಷನ್ ಮಾಡುತ್ತಾರೆ. ಅಮೆರಿಕದಲ್ಲಿ ಇದಕ್ಕೆ ಡಿಪಿಎಂ ಅನ್ನುವ ಪ್ರತ್ಯೇಕ ಪದವಿ ಇದೆ: ಡಾಕ್ಟರ್ ಆಫ್ ಪೊಡಿಯಾಟ್ರಿಕ್ ಮೆಡಿಸಿನ್. ಡಿಗ್ರಿ ಆದಮೇಲೆ 4 ವರ್ಷ ಓದು, ಆಮೇಲೆ 3 ವರ್ಷ ರೆಸಿಡೆನ್ಸಿ, ಅಂದರೆ ಆಸ್ಪತ್ರೆಯಲ್ಲಿ ಸಂಬಳದ ತರಬೇತಿ.

ಎಪಿಎಂಎಲ್‌ಇಗೆ ಕೂರೋಕೆ ಸಿಪಿಎಂಇ ಮಾನ್ಯತೆ ಇರುವ ಕಾಲೇಜಿನ ವಿದ್ಯಾರ್ಥಿ ಆಗಿರಬೇಕು, ಇಲ್ಲವೇ ಅಲ್ಲಿ ಪದವಿ ಪಡೆದಿರಬೇಕು. ಸಿಪಿಎಂಇ ಅನ್ನೋದು ಪೊಡಿಯಾಟ್ರಿ ಶಿಕ್ಷಣಕ್ಕೆ ಮಾನ್ಯತೆ ಕೊಡುವ ಮಂಡಳಿ. ಇಡೀ ದೇಶದಲ್ಲಿ ಇಂಥ ಕಾಲೇಜುಗಳು ಒಂದು ಡಜನ್‌ಗಿಂತ ಕಡಿಮೆ. ಫಿಲಡೆಲ್ಫಿಯಾದ ಟೆಂಪಲ್, ಒಹಾಯೊದ ಕೆಂಟ್ ಸ್ಟೇಟ್, ಚಿಕಾಗೊ ಹತ್ತಿರದ ಶೋಲ್ ಕಾಲೇಜು, 1911ರಿಂದ ನಡೆಯುತ್ತಿರುವ ನ್ಯೂಯಾರ್ಕ್ ಕಾಲೇಜು, ಮಯಾಮಿಯ ಬ್ಯಾರಿ, ಡಿ ಮೊಯಿನ್, ಅರಿಜೋನಾದ ಮಿಡ್‌ವೆಸ್ಟರ್ನ್, ಕ್ಯಾಲಿಫೋರ್ನಿಯಾದ ಸ್ಯಾಮ್ಯುಯಲ್ ಮೆರಿಟ್ ಮತ್ತು ವೆಸ್ಟರ್ನ್. ಈಚೆಗೆ ಟೆಕ್ಸಾಸ್‌ನಂಥ ಕಡೆ ಹೊಸ ಕಾಲೇಜುಗಳೂ ಶುರುವಾಗಿವೆ.

ಈಗ ನೇರ ಉತ್ತರ. ಭಾರತದ ಎಂಬಿಬಿಎಸ್, ಎಂಎಸ್ ಆರ್ಥೋ, ಬಿಪಿಟಿ, ಯಾವುದರ ಮೇಲೂ ಎಪಿಎಂಎಲ್‌ಇ ಬರೆಯಲು ಆಗೋದಿಲ್ಲ. ನಮ್ಮ ಕಡೆ ಸಕ್ಕರೆ ಕಾಯಿಲೆಯವರ ಪಾದ ನೋಡುವ ಫೆಲೋಶಿಪ್‌ಗಳಿವೆ, ಅವುಗಳಲ್ಲಿ ಒಳ್ಳೆ ಕೆಲಸವನ್ನೂ ಕಲಿಯಬಹುದು. ಆದರೆ ಈ ಪರೀಕ್ಷೆಗೆ ಅವು ದಾರಿ ಅಲ್ಲ. ವಿದೇಶಿ ಎಂಬಿಬಿಎಸ್‌ನವರಿಗೆ ಯುಎಸ್‌ಎಂಎಲ್‌ಇ (ಅಮೆರಿಕದ ಡಾಕ್ಟರ್ ಲೈಸೆನ್ಸ್ ಪರೀಕ್ಷೆ) ಇದೆಯಲ್ಲ, ಆ ಥರ ಹೊರದೇಶದ ಪೊಡಿಯಾಟ್ರಿಯವರನ್ನು ಒಳಗೆ ತರುವ ವ್ಯವಸ್ಥೆ ಇಲ್ಲಿಲ್ಲ. ಬ್ರಿಟನ್ನಿನಲ್ಲಿ ಪೊಡಿಯಾಟ್ರಿ ಓದಿದವರಿಗೂ ಅಷ್ಟೇ.

ಹಾಗಾಗಿ ಎಂಬಿಬಿಎಸ್ ಆದವರಿಗೆ ನನ್ನ ಸಲಹೆ ಇದು. ಅಮೆರಿಕಕ್ಕೆ ಬರೋದೇ ಮುಖ್ಯ ಗುರಿಯಾಗಿದ್ದರೆ ನಿಮ್ಮ ದಾರಿ ಯುಎಸ್‌ಎಂಎಲ್‌ಇ. ಪಾದದ ಚಿಕಿತ್ಸೆಯೇ ಬೇಕು ಅಂತ ಮನಸ್ಸು ಗಟ್ಟಿಯಿದ್ದರೆ ಮಾತ್ರ ಡಿಪಿಎಂಗೆ ಬನ್ನಿ, 7 ವರ್ಷ ಲೆಕ್ಕ ಹಾಕಿಕೊಂಡೇ ಬನ್ನಿ. "ಪರೀಕ್ಷೆ ಬರೆಸಿಕೊಡ್ತೀವಿ, ಕಾಲೇಜು ಬೇಡ" ಅಂತ ಯಾರಾದರೂ ದುಡ್ಡು ಕೇಳಿದರೆ ಕೊಡಬೇಡಿ. ಅಂಥ ದಾರಿಯೇ ಇಲ್ಲ.

ಕೆನಡಾದಲ್ಲಿ ಇರುವವರಿಗೂ ಒಂದು ಮಾತು. ಒಂಟಾರಿಯೊದಲ್ಲಿ 1993ರ ಜುಲೈ ಕೊನೆಯಿಂದ ಪೊಡಿಯಾಟ್ರಿಸ್ಟ್ ಅಂತ ಹೊಸಬರನ್ನು ನೋಂದಾಯಿಸುತ್ತಿಲ್ಲ, ಕೈರೊಪೊಡಿಸ್ಟ್ (ಪಾದ ನೋಡುವವರೇ, ಆದರೆ ಕೆಲಸದ ವ್ಯಾಪ್ತಿ ಕಡಿಮೆ) ಅಂತ ಮಾತ್ರ ಸೇರಿಸಿಕೊಳ್ಳುತ್ತಾರೆ. ಅಮೆರಿಕದಲ್ಲಿ ಓದಿ ಟೊರಾಂಟೊಗೆ ವಾಪಸ್ ಹೋಗಿ ಅಲ್ಲಿನಷ್ಟೇ ಆಪರೇಷನ್ ಮಾಡಬಹುದು ಅಂದುಕೊಂಡಿದ್ದರೆ ಮೊದಲೇ ವಿಚಾರಿಸಿ.

2. ಕಾಲೇಜಿಗೆ ಸೇರುವ ಮುಂಚೆ ಕೇಳಬೇಕಾದ್ದು

ಅರ್ಜಿ ಎಎಸಿಪಿಎಂಎಎಸ್ ಅನ್ನುವ ಒಂದೇ ಪೋರ್ಟಲ್‌ನಲ್ಲಿ, ಎಲ್ಲ ಕಾಲೇಜಿಗೂ ಸೇರಿ. ಬಯಾಲಜಿ, ಕೆಮಿಸ್ಟ್ರಿ, ಆರ್ಗ್ಯಾನಿಕ್ ಕೆಮಿಸ್ಟ್ರಿ, ಫಿಸಿಕ್ಸ್ ತಲಾ 8 ಸೆಮಿಸ್ಟರ್ ಅವರ್, ಇಂಗ್ಲಿಷ್ 6, ಸಾಮಾನ್ಯವಾಗಿ ಇಷ್ಟು ಕೇಳುತ್ತಾರೆ. ಸೆಮಿಸ್ಟರ್ ಅವರ್ ಅಂದರೆ ವಾರಕ್ಕೆ ಒಂದು ಗಂಟೆಯಂತೆ ಒಂದು ಸೆಮಿಸ್ಟರ್ ಪಾಠ. ಹಲವು ಕಾಲೇಜುಗಳು ಎಂಕ್ಯಾಟ್ (ಅಮೆರಿಕದ ಮೆಡಿಕಲ್ ಪ್ರವೇಶ ಪರೀಕ್ಷೆ) ಕೇಳುತ್ತವೆ. ಭಾರತದ ಅಂಕಪಟ್ಟಿಯನ್ನು ಅಮೆರಿಕದ ಲೆಕ್ಕಕ್ಕೆ ತಾಳೆ ಹಾಕಿಸಬೇಕು. ಇದಕ್ಕೆ ಪ್ರತ್ಯೇಕ ಸಂಸ್ಥೆಗಳಿವೆ. ವಿಶ್ವವಿದ್ಯಾಲಯದಿಂದ ಸೀಲ್ ಮಾಡಿದ ಕವರ್ ತರಿಸೋಕೆ ನಮ್ಮಲ್ಲಿ ಎಷ್ಟು ಓಡಾಟ ಅಂತ ಗೊತ್ತಲ್ಲ, ಬೇಗ ಶುರು ಮಾಡಿ.

ಪ್ರತಿ ಕಾಲೇಜಿಗೂ ಮೂರು ಪ್ರಶ್ನೆ ಕೇಳಿ. ಸಿಪಿಎಂಇ ಮಾನ್ಯತೆ ಯಾವ ಹಂತದಲ್ಲಿದೆ? ಹೊಸ ಕಾಲೇಜುಗಳಿಗೆ ಪೂರ್ಣ ಮಾನ್ಯತೆ ಹಂತಹಂತವಾಗಿ ಬರುತ್ತದೆ. ಪಾರ್ಟ್ 1ರಲ್ಲಿ ಮೊದಲ ಸಲಕ್ಕೇ ಪಾಸಾಗುವವರು ಎಷ್ಟು ಜನ? ಕಾಲೇಜುಗಳು ಈ ಅಂಕಿ ಹಂಚಿಕೊಳ್ಳುತ್ತವೆ. ಪದವಿ ಮುಗಿಸಿದವರಲ್ಲಿ ಎಷ್ಟು ಜನಕ್ಕೆ ರೆಸಿಡೆನ್ಸಿ ಸಿಕ್ಕಿದೆ? ಮೂರನೆಯದು ತುಂಬ ಮುಖ್ಯ, ಯಾಕೆ ಅಂತ 6ನೇ ಹಂತದಲ್ಲಿ ಗೊತ್ತಾಗುತ್ತದೆ.

ವಿದ್ಯಾರ್ಥಿ ವೀಸಾದಲ್ಲಿ ಬರುವವರು ಇನ್ನೊಂದು ತಿಳಿದಿರಲಿ. ಸರ್ಕಾರದ ಶಿಕ್ಷಣ ಸಾಲ ನಾಗರಿಕರಿಗೆ, ಗ್ರೀನ್ ಕಾರ್ಡ್ ಇದ್ದವರಿಗೆ ಸಿಗುತ್ತದೆ, ನಿಮಗೆ ಸಿಗೋದಿಲ್ಲ.

3. ಹೆಸರು ಸರಿಮಾಡಿಕೊಳ್ಳಿ

ಇದಕ್ಕೆ ಒಂದು ಇಡೀ ಹಂತ ಬೇಕಾ ಅನ್ನಿಸಬಹುದು. ಬೇಕು. ನಮ್ಮವರಿಗೆ ಜಾಸ್ತಿ ಬೇಕು.

ಪರೀಕ್ಷಾ ಕೇಂದ್ರದ ಬಾಗಿಲಲ್ಲಿ ನಿಮ್ಮ ಗುರುತಿನ ಚೀಟಿಯ ಹೆಸರು, ಅರ್ಜಿಯಲ್ಲಿ ಕೊಟ್ಟ ಹೆಸರು ತಾಳೆಯಾಗಬೇಕು. ಆಗದಿದ್ದರೆ ಒಳಗೆ ಬಿಡದೇ ಇರಬಹುದು, ಕಟ್ಟಿದ ಫೀಸೂ ಹೋಗಬಹುದು. ನಮ್ಮಲ್ಲಿ ಎಸ್‌ಎಸ್‌ಎಲ್‌ಸಿ ಕಾರ್ಡ್‌ನಲ್ಲಿ "ಮಂಜುನಾಥ ಕೆ.ಎಸ್." ಅಂತ ಇರುತ್ತದೆ. ಪಾಸ್‌ಪೋರ್ಟ್‌ನಲ್ಲಿ ಊರು, ತಂದೆ ಹೆಸರು ಬಿಡಿಸಿ ಬರೆದು ಅದೇ ಸರ್‌ನೇಮ್ ಆಗಿಬಿಟ್ಟಿರುತ್ತದೆ. ಸರ್‌ನೇಮ್ ಜಾಗ ಖಾಲಿ ಬಿಟ್ಟವರಿಗೆ ವೀಸಾದಲ್ಲಿ "ಎಫ್‌ಎನ್‌ಯು" ಅಂತ ಮೂರು ಅಕ್ಷರ ಬಂದಿರುತ್ತದೆ, ಅಂದರೆ ಮೊದಲ ಹೆಸರು ತಿಳಿದಿಲ್ಲ ಅಂತ. ಡ್ರೈವಿಂಗ್ ಲೈಸೆನ್ಸ್‌ನವರು ಅದನ್ನೇ ಹೆಸರಿನ ಮೊದಲ ಭಾಗ ಮಾಡಿರುತ್ತಾರೆ. ಮದುವೆಯಾದಮೇಲೆ ಕೆಲವರ ಹೆಸರು ಮತ್ತೆ ಬದಲಾಗಿರುತ್ತದೆ.

ಪಾರ್ಟ್ 1ಕ್ಕೆ ಅರ್ಜಿ ಹಾಕುವ ಮುಂಚೆಯೇ ಒಂದು ರೂಪ ಆರಿಸಿಕೊಳ್ಳಿ. ಪಾಸ್‌ಪೋರ್ಟ್ ಇದ್ದ ಹಾಗೆ ಇಟ್ಟುಕೊಳ್ಳೋದು ಒಳ್ಳೇದು. ಕಾಲೇಜಿನ ದಾಖಲೆ, ಪರೀಕ್ಷೆಯ ಖಾತೆ, ಡ್ರೈವಿಂಗ್ ಲೈಸೆನ್ಸ್, ಎಲ್ಲ ಕಡೆ ಅದೇ ಹೆಸರು, ಅದೇ ಕ್ರಮ. ಪಾರ್ಟ್ 1 ಒಂದು ಹೆಸರಲ್ಲಿ, ಪಾರ್ಟ್ 3 ಇನ್ನೊಂದು ಹೆಸರಲ್ಲಿ ಆಗಿದ್ದರೆ ರಾಜ್ಯದ ಮಂಡಳಿ ಇಬ್ಬರೂ ಒಬ್ಬರೇ ಅನ್ನೋದಕ್ಕೆ ಕಾಗದ ಕೇಳುತ್ತದೆ. ಆ ಕಾಗದ ದಾವಣಗೆರೆಯಿಂದಲೋ ಹಾಸನದಿಂದಲೋ ಬರುವಷ್ಟರಲ್ಲಿ ಕೆಲಸಕ್ಕೆ ಸೇರುವ ದಿನ ದಾಟಿರುತ್ತದೆ.

4. ಪಾರ್ಟ್ 1: ಮೂಲ ವಿಜ್ಞಾನ

ಇದು ಎರಡನೇ ವರ್ಷದ ಕೊನೆಗೆ, ಸಾಮಾನ್ಯವಾಗಿ ಜುಲೈನಲ್ಲಿ. ಕಂಪ್ಯೂಟರ್ ಮುಂದೆ ಕೂತು ಬರೆಯುವ ಪರೀಕ್ಷೆ. ನೀವು ಅರ್ಹರು ಅಂತ ಕಾಲೇಜಿನ ಡೀನ್ ದೃಢೀಕರಿಸಬೇಕು, ನೀವಾಗಿಯೇ ಹೋಗಿ ಕೂರೋಕೆ ಆಗಲ್ಲ.

ವಿಷಯಗಳು: ಸಾಮಾನ್ಯ ಅನಾಟಮಿ, ಕಾಲಿನ ಅನಾಟಮಿ, ಬಯೊಕೆಮಿಸ್ಟ್ರಿ, ಫಿಸಿಯಾಲಜಿ, ಮೈಕ್ರೊಬಯಾಲಜಿ ಮತ್ತು ಇಮ್ಯುನಾಲಜಿ, ಪ್ಯಾಥಾಲಜಿ, ಫಾರ್ಮಕಾಲಜಿ. ಕಾಲಿನ ಅನಾಟಮಿಗೆ ದೊಡ್ಡ ಪಾಲು. ಎಂಬಿಬಿಎಸ್ ಓದಿ ಬಂದವರು ಇಲ್ಲೇ ಎಡವೋದು. "ಅನಾಟಮಿ ನನಗೆ ಗೊತ್ತು" ಅಂತ ಸುಮ್ನೆ ತಿರುವಿಹಾಕುತ್ತಾರೆ. ಆದರೆ ಇಲ್ಲಿ ಕೇಳುವ ಆಳವೇ ಬೇರೆ.

ಒಂದು ಉದಾಹರಣೆ ಕೊಡ್ತೀನಿ. ನಿಮ್ಮ ಕಾಲಿನ ಒಳಬದಿಯಲ್ಲಿ, ಹರಡಿನ ಹತ್ತಿರ, ಉಬ್ಬಿರುವ ಮೂಳೆ ಮುಟ್ಟಿನೋಡಿ. ಅದರ ಹಿಂದೆ ಸಣ್ಣ ತಗ್ಗಿದೆ. ಆ ತಗ್ಗಿನಲ್ಲಿ ಮುಂದಿನಿಂದ ಹಿಂದಕ್ಕೆ ಸಾಲಾಗಿ ಟಿಬಿಯಾಲಿಸ್ ಪೋಸ್ಟೀರಿಯರ್‌ನ ಸ್ನಾಯುರಜ್ಜು, ಬೆರಳುಗಳನ್ನು ಮಡಿಸುವ ರಜ್ಜು, ರಕ್ತನಾಳ, ನರ, ಕೊನೆಗೆ ಹೆಬ್ಬೆರಳು ಮಡಿಸುವ ರಜ್ಜು ಹೋಗುತ್ತವೆ. ಸ್ನಾಯುರಜ್ಜು ಅಂದರೆ ಸ್ನಾಯುವನ್ನು ಮೂಳೆಗೆ ಕಟ್ಟುವ ಗಟ್ಟಿ ಎಳೆ. ಈ ಸಾಲು ಬಾಯಿಪಾಠ ಇದ್ದರೆ ಸಾಲದು. ಸರ್ಜನ್ ಇಲ್ಲಿ ಕೊಯ್ದು, ಎರಡನೇ ರಜ್ಜನ್ನು ಪಕ್ಕಕ್ಕೆ ಸರಿಸಿದಾಗ ಮೊದಲು ಯಾವುದಕ್ಕೆ ಪೆಟ್ಟಾಗಬಹುದು ಅಂತ ಯೋಚಿಸುವ ಮಟ್ಟಕ್ಕೆ ಗೊತ್ತಿರಬೇಕು. ಪಾದದ 26 ಮೂಳೆಗಳಲ್ಲಿ ಯಾವುದಕ್ಕೆ ಏನು ಅಂಟಿದೆ, ಅದಕ್ಕೆ ಯಾವ ನರ, ಯಾವ ರಕ್ತನಾಳ, ಎಲ್ಲವೂ ಈ ರೀತಿಯೇ ಬರಬೇಕು.

ನಿಯಮಗಳ ಕಡೆಯಿಂದ ಗಮನಿಸಬೇಕಾದ್ದು:

ಪಾಸಿನ ಗೆರೆ 75. ಇದು ಸ್ಕೇಲ್ಡ್ ಸ್ಕೋರ್. ಅಂದರೆ ಆ ಸಲದ ಪತ್ರಿಕೆ ಎಷ್ಟು ಕಷ್ಟವಿತ್ತು ಅನ್ನೋದನ್ನು ಲೆಕ್ಕಕ್ಕೆ ತೆಗೆದುಕೊಂಡು ಹೊಂದಿಸಿದ ಅಂಕ, ನೂರಕ್ಕೆ 75 ಸರಿ ಮಾಡಬೇಕು ಅಂತ ಅರ್ಥ ಅಲ್ಲ. "ನಾನು 68 ಪರ್ಸೆಂಟ್ ಸರಿ ಮಾಡಿದೆ, ಫೇಲ್ ಆಗ್ತೀನಾ" ಅಂತ ರಾತ್ರಿಯೆಲ್ಲ ಕೂತು ಲೆಕ್ಕ ಹಾಕಬೇಡಿ, ಆ ಲೆಕ್ಕ ಹೊರಗಿನಿಂದ ಬರೋದಿಲ್ಲ. ಪಾಸಾದವರಿಗೆ ಪಾಸ್ ಅಂತಷ್ಟೇ ತಿಳಿಸುತ್ತಾರೆ.

ಪ್ರಶ್ನೆಗಳನ್ನು ಹೊರಗೆ ಹೇಳುವಂತಿಲ್ಲ. ಇದನ್ನು ನಮ್ಮ ಹುಡುಗರು ಹಗುರವಾಗಿ ತಗೋತಾರೆ. ನಮ್ಮಲ್ಲಿ ಪರೀಕ್ಷೆ ಮುಗಿಸಿ ಆಚೆ ಬಂದ ತಕ್ಷಣ ಪತ್ರಿಕೆ ಚರ್ಚೆ ಮಾಡೋದು ಮಾಮೂಲಿ. ಇಲ್ಲಿ ನೆನಪಿಟ್ಟುಕೊಂಡು ಬಂದ ಪ್ರಶ್ನೆಯನ್ನು ಜೂನಿಯರ್‌ಗಳ ವಾಟ್ಸಾಪ್ ಗ್ರೂಪಿಗೆ ಹಾಕಿದರೆ ಅದು ಅಕ್ರಮ. ಅಂಕ ರದ್ದಾಗಬಹುದು, ಮುಂದೆ ಪರೀಕ್ಷೆಗೆ ಕೂರದಂತೆ ತಡೆಯಬಹುದು. ಅಂಥ ಪ್ರಶ್ನೆಗಳನ್ನು ಪಡೆದವರೂ ಸಿಕ್ಕಿಬೀಳುತ್ತಾರೆ. ಸೀನಿಯರ್ ಒಬ್ಬರು ಪ್ರೀತಿಯಿಂದ "ಹಳೇ ಪ್ರಶ್ನೆ" ಫೈಲ್ ಕಳಿಸಿದರೆ ತೆರೆಯದೆ ಅಳಿಸಿಬಿಡಿ. ಮಂಡಳಿಯೇ ಅಭ್ಯಾಸ ಪರೀಕ್ಷೆ ಮಾರುತ್ತದೆ, ಅದನ್ನು ಬಳಸಿ.

ಡಿಸ್ಲೆಕ್ಸಿಯಾ, ಎಡಿಎಚ್‌ಡಿ, ಕಣ್ಣಿನ ತೊಂದರೆ, ಹೀಗೆ ಏನಾದರೂ ಇದ್ದರೆ ಹೆಚ್ಚು ಸಮಯ ಕೇಳುವ ಹಕ್ಕು ಕಾನೂನಿನಲ್ಲೇ ಇದೆ. ಆದರೆ ಕಾಲೇಜಿನಲ್ಲಿ ಹೆಚ್ಚು ಸಮಯ ಕೊಟ್ಟಿದ್ದಾರೆ ಅಂದಮಾತ್ರಕ್ಕೆ ಇಲ್ಲೂ ತಾನಾಗಿ ಸಿಗೋದಿಲ್ಲ. ಬೇರೆ ಅರ್ಜಿ, ಡಾಕ್ಟರರ ವರದಿ, ಅದೂ ಗಡುವಿನೊಳಗೆ. ನಮ್ಮ ಮನೆಗಳಲ್ಲಿ ಇಂಥದ್ದನ್ನು ಮುಚ್ಚಿಡುವ ಅಭ್ಯಾಸ ಇದೆ. ದಯವಿಟ್ಟು ಮುಚ್ಚಿಡಬೇಡಿ, ನಿಮಗೆ ಸಲ್ಲಬೇಕಾದದ್ದು ಅದು.

ಫೇಲಾದರೆ? ಮತ್ತೆ ಬರೆಯಬಹುದು, ವರ್ಷದಲ್ಲಿ ಇನ್ನೊಂದು ಅವಕಾಶ ಸಿಗುತ್ತದೆ. ಆದರೆ ಹಲವು ಕಾಲೇಜುಗಳು ಪಾರ್ಟ್ 1 ಪಾಸಾಗದೆ ಮೂರನೇ ವರ್ಷದ ಆಸ್ಪತ್ರೆ ಡ್ಯೂಟಿಗೆ ಪೂರ್ತಿ ಬಿಡೋದಿಲ್ಲ. ಎಷ್ಟು ಸಲ ಬರೆಯಬಹುದು ಅನ್ನೋದರ ಮೇಲೆ ಕಾಲೇಜಿನ ಮಿತಿ ಬೇರೆ ಇರಬಹುದು, ಮುಂದೆ ಲೈಸೆನ್ಸ್ ಕೇಳುವ ರಾಜ್ಯದ ಮಿತಿ ಬೇರೆ ಇರಬಹುದು. ಎರಡನ್ನೂ ನೋಡಿ.

5. ಪಾರ್ಟ್ 2: ಚಿಕಿತ್ಸೆಯ ಕಡೆ

ಪಾರ್ಟ್ 1 ಪಾಸಾಗದೆ ಪಾರ್ಟ್ 2 ಇಲ್ಲ. ಇದು ನಾಲ್ಕನೇ ವರ್ಷದಲ್ಲಿ, ಸಾಮಾನ್ಯವಾಗಿ ಜನವರಿಗೆ. ಮೆಡಿಸಿನ್, ರೇಡಿಯಾಲಜಿ, ಆರ್ಥೊಪೆಡಿಕ್ಸ್ ಮತ್ತು ಬಯೊಮೆಕ್ಯಾನಿಕ್ಸ್ (ನಡಿಗೆಯಲ್ಲಿ ಪಾದದ ಮೇಲೆ ಬೀಳುವ ಬಲಗಳ ಲೆಕ್ಕ), ಅರಿವಳಿಕೆ ಮತ್ತು ಸರ್ಜರಿ, ಸಮುದಾಯ ಆರೋಗ್ಯ, ಕಾನೂನು.

ಇಲ್ಲಿ ಪ್ರಶ್ನೆ ಹೇಗೆ ಬರಬಹುದು ಅನ್ನೋದಕ್ಕೆ ನಾನೇ ಹೆಣೆದ ಒಂದು ಮಾದರಿ. 62 ವರ್ಷದವರು, ಬಹಳ ಕಾಲದಿಂದ ಸಕ್ಕರೆ ಕಾಯಿಲೆ, ಹೆಬ್ಬೆರಳ ಬುಡದ ಕೆಳಗೆ ಹುಣ್ಣು, ಆರುತ್ತಿಲ್ಲ. ಎಬಿಐ 1.5 ಬಂದಿದೆ. ಎಬಿಐ ಅಂದರೆ ಕಾಲಿನ ಹರಡಿನ ಬಿಪಿಯನ್ನು ತೋಳಿನ ಬಿಪಿಯಿಂದ ಭಾಗಿಸಿದ ಸಂಖ್ಯೆ, ರಕ್ತ ಪಾದಕ್ಕೆ ಸರಿಯಾಗಿ ಹರಿಯುತ್ತಿದೆಯಾ ಅಂತ ನೋಡೋಕೆ. ಆರೋಗ್ಯವಂತರಲ್ಲಿ 1ರ ಆಸುಪಾಸು ಇರುತ್ತದೆ, 0.9ಕ್ಕಿಂತ ಕಡಿಮೆ ಬಂದರೆ ನಾಳ ಕಟ್ಟಿದೆ ಅಂತ ಅನುಮಾನ. ಹಾಗಾದರೆ 1.5 ಅಂದರೆ ಇನ್ನೂ ಒಳ್ಳೇದಾ? ಅಲ್ಲ. ವರ್ಷಗಟ್ಟಲೆ ಸಕ್ಕರೆ ಕಾಯಿಲೆ ಇದ್ದವರ ನಾಳದ ಗೋಡೆಯಲ್ಲಿ ಸುಣ್ಣ ಕಟ್ಟಿ ಗಟ್ಟಿಯಾಗಿರುತ್ತದೆ, ಬಿಪಿ ಪಟ್ಟಿ ಎಷ್ಟು ಬಿಗಿದರೂ ನಾಳ ಒತ್ತಿಕೊಳ್ಳೋದಿಲ್ಲ, ಅದಕ್ಕೇ ಸಂಖ್ಯೆ ಸುಳ್ಳಾಗಿ ಮೇಲೆ ಹೋಗುತ್ತದೆ. ಮುಂದಿನ ಹೆಜ್ಜೆ ಕಾಲ್ಬೆರಳಿನ ಬಿಪಿ ನೋಡೋದು, ಯಾಕೆಂದರೆ ಕಾಲ್ಬೆರಳಿನ ಸಣ್ಣ ನಾಳಗಳು ಅಷ್ಟು ಗಟ್ಟಿಯಾಗಿರೋದಿಲ್ಲ. ಪಾರ್ಟ್ 1 "ಇದು ಏನು" ಅಂತ ಕೇಳಿದರೆ, ಪಾರ್ಟ್ 2 "ಈಗ ಏನು ಮಾಡ್ತೀರಿ" ಅಂತ ಕೇಳುತ್ತದೆ. ಓದುವ ರೀತಿಯೂ ಹಾಗೇ ಬದಲಾಗಬೇಕು.

ಪಾರ್ಟ್ 2ಕ್ಕೆ ಸೇರಿದ ಇನ್ನೊಂದು ಪರೀಕ್ಷೆ ಸಿಎಸ್‌ಪಿಇ. ತರಬೇತಿ ಪಡೆದ ನಟರು ರೋಗಿಗಳಾಗಿ ಕೂತಿರುತ್ತಾರೆ, ನೀವು ಮಾತಾಡಿಸಿ, ಪರೀಕ್ಷೆ ಮಾಡಿ, ನೋಟ್ಸ್ ಬರೆಯಬೇಕು. ಕೋವಿಡ್ ಬಂದಾಗ ಇದನ್ನು ನಿಲ್ಲಿಸಿದ್ದರು. ನಿಮ್ಮ ಪದವಿಯ ವರ್ಷಕ್ಕೆ ಯಾವ ನಿಯಮ ಅನ್ನೋದನ್ನು ಮಂಡಳಿಯ ಆ ವರ್ಷದ ಬುಲೆಟಿನ್‌ನಲ್ಲೇ ನೋಡಿ, ಎರಡು ವರ್ಷ ಸೀನಿಯರ್ ಆದವರ ಮಾತು ಕೇಳಿ ಬಿಟ್ಟುಬಿಡಬೇಡಿ. ಆ ಬುಲೆಟಿನ್ ಅನ್ನೋದು ಪ್ರತಿ ಪಾರ್ಟ್‌ಗೂ ಬರುವ ನಿಯಮಪುಸ್ತಕ. ಗಡುವು, ಫೀಸ್, ರದ್ದು ಮಾಡಿದರೆ ಎಷ್ಟು ವಾಪಸ್, ಯಾವ ಗುರುತಿನ ಚೀಟಿ ನಡೆಯುತ್ತದೆ, ಎಲ್ಲ ಅದರಲ್ಲಿರುತ್ತದೆ. ಪ್ರತಿ ಸಲ ಹೊಸದನ್ನೇ ಡೌನ್‌ಲೋಡ್ ಮಾಡಿ.

6. ರೆಸಿಡೆನ್ಸಿ

ಪಾರ್ಟ್ 1, ಪಾರ್ಟ್ 2 ಎರಡೂ ಪಾಸಾಗದೆ ರೆಸಿಡೆನ್ಸಿ ಶುರು ಮಾಡುವಂತಿಲ್ಲ. ಇದು ಸಿಪಿಎಂಇ ಆಸ್ಪತ್ರೆಗಳಿಗೆ ಹಾಕಿರುವ ನಿಯಮ. ಸಂದರ್ಶನಗಳು ಜನವರಿಯ ಸುತ್ತಮುತ್ತ, ಮ್ಯಾಚ್ ಫಲಿತಾಂಶ ಮಾರ್ಚ್‌ನಲ್ಲಿ. ಮ್ಯಾಚ್ ಅಂದರೆ ವಿದ್ಯಾರ್ಥಿಯ ಪಟ್ಟಿಯನ್ನೂ ಆಸ್ಪತ್ರೆಯ ಪಟ್ಟಿಯನ್ನೂ ಕಂಪ್ಯೂಟರ್ ಹೊಂದಿಸಿ ಸೀಟು ಹಂಚೋದು. ಮಾರ್ಚ್‌ನಲ್ಲಿ ಒಳ್ಳೆ ಆಸ್ಪತ್ರೆ ಸಿಕ್ಕಿ, ಪಾರ್ಟ್ 2 ಫೇಲಾಗಿ, ಬೇಸಿಗೆಯೊಳಗೆ ಮತ್ತೆ ಬರೆದು ಪಾಸಾಗದಿದ್ದರೆ ಆ ಸೀಟು ಕೈತಪ್ಪುತ್ತದೆ. ಅದಕ್ಕೇ ಸಂದರ್ಶನದ ಗಡಿಬಿಡಿಯಲ್ಲಿ ಪಾರ್ಟ್ 2 ಓದನ್ನು ಹಿಂದಕ್ಕೆ ತಳ್ಳಬೇಡಿ.

ರೆಸಿಡೆನ್ಸಿ ಇಲ್ಲದೆ ಬರಿ ಡಿಪಿಎಂ ಇಟ್ಟುಕೊಂಡು ಲೈಸೆನ್ಸ್ ಸಿಗುವ ಕಾಲ ಹೋಯಿತು. 2ನೇ ಹಂತದಲ್ಲಿ ಆ ಮೂರನೇ ಪ್ರಶ್ನೆ ಕೇಳಿ ಅಂದಿದ್ದು ಇದಕ್ಕೇ.

ವೀಸಾದವರಿಗೆ ಇಲ್ಲಿ ನಿಜವಾದ ಇಕ್ಕಟ್ಟಿದೆ. ಓದಿದ ಮೇಲೆ ಕೆಲಸ ಮಾಡೋಕೆ ಸಿಗುವ ಒಪಿಟಿ 12 ತಿಂಗಳು, ರೆಸಿಡೆನ್ಸಿ 36 ತಿಂಗಳು. ಉಳಿದ ಎರಡು ವರ್ಷಕ್ಕೆ ಆಸ್ಪತ್ರೆ ವೀಸಾ ಮಾಡಿಸಿಕೊಡಬೇಕು. ಮಾಡಿಸುವ ಆಸ್ಪತ್ರೆಗಳಿವೆ, ಮಾಡಿಸದವೂ ಇವೆ. ಅರ್ಜಿ ಹಾಕುವ ಮುಂಚೆಯೇ ಇಮೇಲ್‌ನಲ್ಲಿ ಕೇಳಿ, ಉತ್ತರ ಬರಹದಲ್ಲಿ ಇಟ್ಟುಕೊಳ್ಳಿ.

ಮ್ಯಾಚ್ ಆದ ತಕ್ಷಣ ಆ ರಾಜ್ಯದ ತರಬೇತಿ ಲೈಸೆನ್ಸ್‌ಗೆ ಅರ್ಜಿ ಹಾಕಿ. ಇದು ರೆಸಿಡೆನ್ಸಿ ಮಾಡುವ ಆಸ್ಪತ್ರೆಯೊಳಗೆ ಮಾತ್ರ ಸಲ್ಲುತ್ತದೆ. ಇದನ್ನಿಟ್ಟುಕೊಂಡು ವಾರಾಂತ್ಯ ಬೇರೆ ಕ್ಲಿನಿಕ್‌ನಲ್ಲಿ ರೋಗಿ ನೋಡುವಂತಿಲ್ಲ. ನೋಡಿದರೆ ಲೈಸೆನ್ಸ್ ಇಲ್ಲದೆ ವೈದ್ಯ ಮಾಡಿದ ಹಾಗೆ.

7. ಪಾರ್ಟ್ 3

ಇದಕ್ಕೆ ಡಿಪಿಎಂ ಪದವಿ ಮುಗಿದಿರಬೇಕು, ಮೊದಲೆರಡು ಪಾರ್ಟ್ ಪಾಸಾಗಿರಬೇಕು. ಹೆಚ್ಚಿನವರು ರೆಸಿಡೆನ್ಸಿ ನಡುವೆಯೇ ಬರೆಯುತ್ತಾರೆ. ಯಾರೂ ಪಕ್ಕದಲ್ಲಿ ನಿಲ್ಲದೆ ನೀವೊಬ್ಬರೇ ರೋಗಿಯನ್ನು ಸುರಕ್ಷಿತವಾಗಿ ನೋಡಿಕೊಳ್ಳಬಲ್ಲಿರಾ, ಇದಿಷ್ಟೇ ಇಲ್ಲಿ ಅಳೆಯೋದು.

ಬೇಗ ಬರೆದುಬಿಡಿ ಅನ್ನೋದು ನನ್ನ ಗಟ್ಟಿ ಅಭಿಪ್ರಾಯ. ಮೂರನೇ ವರ್ಷಕ್ಕೆ ತಳ್ಳಿದರೆ ಸರ್ಜರಿ ಲೋಡ್ ಜಾಸ್ತಿ ಇರುತ್ತದೆ, ಚರ್ಮರೋಗ, ಮೆಡಿಸಿನ್ ಎಲ್ಲ ಮರೆತಿರುತ್ತದೆ, ಕೆಲಸದ ಒಪ್ಪಂದಕ್ಕೆ ಸಹಿ ಆಗಿರುತ್ತದೆ, ಆಗ ಫೇಲಾದರೆ ಎಲ್ಲವೂ ಒಟ್ಟಿಗೆ ಕುಸಿಯುತ್ತದೆ. ಆದರೆ ಬರೆಯುವ ಮುಂಚೆ ನೀವು ಹೋಗಬೇಕೆಂದಿರುವ ರಾಜ್ಯದ ನಿಯಮ ಓದಿ. ಕೆಲವು ಕಡೆ ಮೊದಲು ರಾಜ್ಯದ ಒಪ್ಪಿಗೆ ಬೇಕು, ಕೆಲವು ಕಡೆ ಬೇಡ.

ಹಳೆಯ ಕಾನೂನು ಪುಸ್ತಕದಲ್ಲಿ "ಪಿಎಂಲೆಕ್ಸಿಸ್" ಅಂತ ಕಂಡರೆ ಗಾಬರಿ ಬೇಡ. ಅದು ಪಾರ್ಟ್ 3ರ ಹಳೆ ಹೆಸರು.

8. ರಾಜ್ಯದ ಲೈಸೆನ್ಸ್ ಅರ್ಜಿ

ಇಲ್ಲಿ ಪ್ರತಿ ರಾಜ್ಯವೂ ಬೇರೆಯೇ ದೇಶ ಅಂದುಕೊಳ್ಳಿ. ಕ್ಯಾಲಿಫೋರ್ನಿಯಾದಲ್ಲಿ ಪೊಡಿಯಾಟ್ರಿಗೇ ಮೀಸಲಾದ ಮಂಡಳಿಯಿದೆ. ಟೆಕ್ಸಾಸ್‌ನಲ್ಲಿ 2017ರಿಂದ ಇದು ಟಿಡಿಎಲ್‌ಆರ್ ಅನ್ನುವ ಲೈಸೆನ್ಸ್ ಇಲಾಖೆಯ ಕೈಯಲ್ಲಿದೆ, ಜೊತೆಗೆ ಆ ರಾಜ್ಯದ ಕಾನೂನಿನ ಮೇಲೆ ಪುಟ್ಟ ಪರೀಕ್ಷೆಯನ್ನೂ ಬರೆಯಬೇಕು. ನ್ಯೂಯಾರ್ಕ್‌ನಲ್ಲಿ ಪಾದದ ಲೈಸೆನ್ಸ್ ಬಂದಮೇಲೂ ಹರಡಿನ ಆಪರೇಷನ್‌ಗೆ ಪ್ರತ್ಯೇಕ ಅನುಮತಿ ಬೇಕು. ಕ್ಯಾಲಿಫೋರ್ನಿಯಾದ ಕಾನೂನಿನಲ್ಲಿ ಹರಡೂ ಪಾದದ ಲೆಕ್ಕದಲ್ಲೇ ಬರುತ್ತದೆ. ಅಂದರೆ ಒಂದೇ ತರಬೇತಿ, ಎರಡು ರಾಜ್ಯ, ಮಾಡಬಹುದಾದ ಕೆಲಸ ಬೇರೆ ಬೇರೆ. ಕೆಲಸ ಒಪ್ಪಿಕೊಳ್ಳುವ ಮುಂಚೆ ಇದನ್ನು ನೋಡಿ, ಆಮೇಲೆ ಅಲ್ಲ.

ಅರ್ಜಿಗೆ ಸಾಮಾನ್ಯವಾಗಿ ಬೇಕಾಗುವುದು ಕಾಲೇಜಿನಿಂದ ನೇರವಾಗಿ ಹೋಗುವ ಅಂಕಪಟ್ಟಿ, ರೆಸಿಡೆನ್ಸಿ ಪ್ರಮಾಣಪತ್ರ, ಬೆರಳಚ್ಚು, ಹಿನ್ನೆಲೆ ತಪಾಸಣೆ ಮತ್ತು ಮೂರೂ ಪಾರ್ಟ್‌ಗಳ ಫಲಿತಾಂಶ. ಫಲಿತಾಂಶವನ್ನು ನೀವು ಪ್ರಿಂಟ್ ತೆಗೆದು ಕಳಿಸಿದರೆ ಒಪ್ಪೋದಿಲ್ಲ. ಎಫ್‌ಪಿಎಂಬಿ ಅನ್ನುವ ಸಂಸ್ಥೆಗೆ, ಅಂದರೆ ರಾಜ್ಯಮಂಡಳಿಗಳ ಒಕ್ಕೂಟಕ್ಕೆ, ಫೀಸ್ ಕಟ್ಟಿ ಕೋರಿಕೆ ಹಾಕಬೇಕು. ಅವರೇ ರಾಜ್ಯಕ್ಕೆ ನೇರ ಕಳಿಸುತ್ತಾರೆ. ಈ ಕೋರಿಕೆ ಹಾಕೋದನ್ನೇ ಮರೆತು, "ನನ್ನ ಅರ್ಜಿ ಯಾಕೆ ಮುಂದೆ ಹೋಗ್ತಿಲ್ಲ" ಅಂತ ತಿಂಗಳುಗಟ್ಟಲೆ ಕಾಯುವವರು ಬೇಕಾದಷ್ಟು ಜನ. ಸೋಶಿಯಲ್ ಸೆಕ್ಯುರಿಟಿ ನಂಬರ್ ಇಲ್ಲದವರು ಬೇರೆ ಯಾವ ನಂಬರ್ ನಡೆಯುತ್ತದೆ ಅಂತ ಕೇಳಿ. ಕ್ಯಾಲಿಫೋರ್ನಿಯಾದಲ್ಲಿ ತೆರಿಗೆಯ ಐಟಿಐಎನ್ ನಂಬರ್ ಕೊಟ್ಟರೂ ಆಗುತ್ತದೆ.

ಹಿನ್ನೆಲೆಯ ಪ್ರಶ್ನೆಗಳಿಗೆ ಇದ್ದದ್ದನ್ನು ಇದ್ದ ಹಾಗೆ ಬರೆಯಿರಿ. ಕುಡಿದು ಗಾಡಿ ಓಡಿಸಿದ ಹಳೇ ಕೇಸ್, ಕಾಲೇಜಿನ ಶಿಸ್ತು ಕ್ರಮ, ಯಾವುದೇ ಇರಲಿ. ಆ ತಪ್ಪಿಗೆ ಲೈಸೆನ್ಸ್ ಸಿಕ್ಕರೂ ಸಿಗಬಹುದು. ಮುಚ್ಚಿಟ್ಟದ್ದು ಬೆರಳಚ್ಚಿನಲ್ಲಿ ಹೊರಬಂದರೆ ಸುಳ್ಳು ಹೇಳಿದ್ದಕ್ಕೇ ಅರ್ಜಿ ಬೀಳುತ್ತದೆ.

ಎಷ್ಟು ವರ್ಷದ ರೆಸಿಡೆನ್ಸಿ ಆದರೆ ಲೈಸೆನ್ಸ್ ಅನ್ನೋದೂ ರಾಜ್ಯದಿಂದ ರಾಜ್ಯಕ್ಕೆ ಬದಲು. ಕ್ಯಾಲಿಫೋರ್ನಿಯಾ 2 ವರ್ಷ ಕೇಳುತ್ತದೆ. ಅಂದಮಾತ್ರಕ್ಕೆ ಎರಡು ವರ್ಷಕ್ಕೆ ಬಿಟ್ಟುಬರಬೇಡಿ, ಆಸ್ಪತ್ರೆಗಳು ಆಪರೇಷನ್ ಮಾಡಲು ಬಿಡುವಾಗ ಪೂರ್ತಿ 3 ವರ್ಷ ನೋಡುತ್ತವೆ.

9. ಲೈಸೆನ್ಸ್ ಕೈಗೆ ಬಂದಮೇಲೆ

ಬೋರ್ಡ್ ಸರ್ಟಿಫಿಕೇಶನ್ ಅನ್ನೋದು ಲೈಸೆನ್ಸ್ ಅಲ್ಲ. ಎಬಿಎಫ್‌ಎಎಸ್ ಸರ್ಜರಿಗೆ, ಎಬಿಪಿಎಂ ಪೊಡಿಯಾಟ್ರಿಕ್ ಮೆಡಿಸಿನ್‌ಗೆ ಕೊಡುವ ಪರಿಣತಿಯ ಮುದ್ರೆ ಅದು. ಕಾನೂನಿನ ಪ್ರಕಾರ ಕೆಲಸ ಶುರು ಮಾಡೋಕೆ ರಾಜ್ಯದ ಲೈಸೆನ್ಸ್ ಸಾಕು. ಆದರೆ ಆಸ್ಪತ್ರೆ, ವಿಮಾ ಕಂಪನಿ ಇದನ್ನೂ ಕೇಳುತ್ತವೆ, ಹಾಗಾಗಿ ರೆಸಿಡೆನ್ಸಿಯ ಮೊದಲ ದಿನದಿಂದಲೇ ಕೇಸ್‌ಗಳ ದಾಖಲೆ ಸರಿಯಾಗಿ ಇಡಿ. ಅಫೀಮು ಜಾತಿಯ ನೋವಿನ ಮಾತ್ರೆಯಂಥ ನಿಯಂತ್ರಿತ ಔಷಧ ಬರೆಯೋಕೆ ಡಿಇಎ (ಅಮೆರಿಕದ ಕೇಂದ್ರ ಸರ್ಕಾರದ ಮಾದಕವಸ್ತು ನಿಯಂತ್ರಣ ಸಂಸ್ಥೆ) ನೋಂದಣಿ ಬೇರೆ.

ನವೀಕರಣಕ್ಕೆ ಮುಂದುವರಿದ ಶಿಕ್ಷಣದ ಗಂಟೆಗಳು ಬೇಕು. ಕ್ಯಾಲಿಫೋರ್ನಿಯಾದಲ್ಲಿ 2 ವರ್ಷಕ್ಕೆ 50, ಫ್ಲಾರಿಡಾದಲ್ಲಿ 40. ಸರ್ಟಿಫಿಕೇಟ್‌ಗಳನ್ನು ಎಸೆಯಬೇಡಿ, ತಪಾಸಣೆಗೆ ಕೇಳುತ್ತಾರೆ.

ಇನ್ನು ಗಂಡನಿಗೋ ಹೆಂಡತಿಗೋ ಬೇರೆ ರಾಜ್ಯದಲ್ಲಿ ಕೆಲಸ ಸಿಕ್ಕಿ ಊರು ಬದಲಾದರೆ, ಹೊಸ ರಾಜ್ಯಕ್ಕೆ ಹೊಸ ಅರ್ಜಿ. ಎಂಡಿ, ಡಿಒ (ಅಮೆರಿಕದ ಎರಡು ಸಾಮಾನ್ಯ ವೈದ್ಯ ಪದವಿಗಳು) ಡಾಕ್ಟರ್‌ಗಳಿಗೆ ಹಲವು ರಾಜ್ಯಗಳ ನಡುವೆ ಬೇಗ ಲೈಸೆನ್ಸ್ ಕೊಡುವ ಒಪ್ಪಂದವಿದೆ, ಆ ಒಪ್ಪಂದದಲ್ಲಿ ಪೊಡಿಯಾಟ್ರಿ ಇಲ್ಲ. ಎಪಿಎಂಎಲ್‌ಇ ಮತ್ತೆ ಬರೆಯಬೇಕಾಗಿಲ್ಲ, ಎಫ್‌ಪಿಎಂಬಿಯಿಂದ ಫಲಿತಾಂಶ ಮತ್ತೆ ಕಳಿಸಿದರೆ ಆಯಿತು. ಆದರೆ ಹಳೆ ರಾಜ್ಯದಿಂದ ನಿಮ್ಮ ಮೇಲೆ ದೂರಿಲ್ಲ ಅನ್ನುವ ಪತ್ರ ಹೋಗಬೇಕು, ಮತ್ತೆ ಬೆರಳಚ್ಚು ಕೊಡಬೇಕು, ಇದೆಲ್ಲಕ್ಕೂ ತಿಂಗಳುಗಳು ಹಿಡಿಯುತ್ತವೆ. ಮನೆ ಸಾಮಾನು ಕಟ್ಟುವ ಮುಂಚೆ ಅರ್ಜಿ ಹಾಕಿ, ಹೊಸ ಲೈಸೆನ್ಸ್ ಬರುವವರೆಗೆ ಹಳೆಯದನ್ನು ನವೀಕರಿಸುತ್ತಲೇ ಇರಿ.